ನಾಯಕನು ಇಳಿಯುವ ಹೊತ್ತು

ಕೆಲಸವನ್ನು ಯಾವಾಗ ಆರಂಭಿಸಬೇಕು ಎಂಬುದಕ್ಕೆ ನಮ್ಮಲ್ಲಿ ಮುಹೂರ್ತವುಂಟು. ಮನೆ ಕಟ್ಟುವುದಕ್ಕೆ, ಬಿತ್ತುವುದಕ್ಕೆ, ಮಗುವಿಗೆ ಅಕ್ಷರ ತಿದ್ದಿಸುವುದಕ್ಕೆ, ಎಲ್ಲಕ್ಕೂ ಪಂಚಾಂಗ ಬಿಡಿಸಿ ಹೊತ್ತು ಹೇಳುವವರುಂಟು. ಆದರೆ ಹಿಡಿದ ಕೆಲಸವನ್ನು ಯಾವಾಗ ಬಿಡಬೇಕು ಎಂಬುದಕ್ಕೆ ಯಾವ ಪಂಚಾಂಗದಲ್ಲಿಯೂ ಮುಹೂರ್ತ ಬರೆದಿಲ್ಲ. ಸರಕಾರಿ ನೌಕರನಿಗೆ ವಯಸ್ಸಿನ ಲೆಕ್ಕವೊಂದಿದೆ. ಅವನು ಬೇಕೆಂದರೂ ಬೇಡವೆಂದರೂ ಆ ದಿನ ಎದ್ದು ಹೊರಡಬೇಕು. ಉಳಿದವರ ಪಾಲಿಗೆ ಈ ನಿರ್ಣಯ ಅವರವರ ಮನಸ್ಸಿಗೇ ಬಿಟ್ಟದ್ದು. ಬೇಗನೆ ಬಿಟ್ಟರೆ ಹೊಣೆಗೇಡಿ ಎನ್ನುತ್ತಾರೆ. ತಡವಾಗಿ ಬಿಟ್ಟರೆ ಆಸೆಬುರುಕ ಎನ್ನುತ್ತಾರೆ. ಬಿಟ್ಟು ಹೋದವನು ಮರಳಿ ಬಂದರಂತೂ ಏನೆನ್ನಬೇಕೆಂದೇ ಜನಕ್ಕೆ ತೋಚುವುದಿಲ್ಲ.

ಹೀಗೆ ಹೋಗಿ ಮರಳಿ ಬಂದವರೊಬ್ಬರ ವಿಚಾರವನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ. ಅವರು ಭಾರತದ ಕಾಲ್ಚೆಂಡು ತಂಡಕ್ಕೆ ದೀರ್ಘಕಾಲ ನಾಯಕರಾಗಿದ್ದ ಸುನಿಲ್ ಚೆಟ್ರಿ. ಹುಟ್ಟಿದ್ದು 1984ರಲ್ಲಿ, ಸಿಕಂದರಾಬಾದಿನಲ್ಲಿ, ತಂದೆ ಸೈನ್ಯದಲ್ಲಿದ್ದವರು. ಆದರೂ ಅವರನ್ನು ನಮ್ಮವರೆಂದು ಕರೆದುಕೊಳ್ಳಲು ಅಡ್ಡಿಯಿಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ವರ್ಷವೇ ಅಲ್ಲಿಗೆ ಬಂದು ನಾಯಕರಾದರು. ಮೊದಲ ಪ್ರಯತ್ನದಲ್ಲಿಯೇ ಆ ತಂಡ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿದ ಮೊದಲ ಭಾರತೀಯ ತಂಡವೆನಿಸಿತು. ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಅಂಗಿ ತೊಟ್ಟು ಕೂಗುವ ಹುಡುಗರಲ್ಲಿ ಪುತ್ತೂರು, ಸುಳ್ಯ, ಕಡಬಗಳಿಂದ ಕೆಲಸಕ್ಕೆಂದು ಹೋದವರೂ ಇದ್ದಾರು. ಇಲ್ಲಿರುವಷ್ಟು ದಿನ ಅವರು ಆಡಿದ್ದು ಕಬಡ್ಡಿ, ವಾಲಿಬಾಲ್, ಆಟಿಯ ಮಳೆಯಲ್ಲಿ ಕೆಸರುಗದ್ದೆಯ ಓಟ. ಚೆಂಡನ್ನು ಕಾಲಿನಿಂದ ಒದೆಯುವ ಹುಚ್ಚು ನಮಗಿಂತ ಗಡಿಯಾಚೆಯ ಕೇರಳದವರಿಗೆ ಹೆಚ್ಚು. ಊರು ಬಿಟ್ಟ ಮೇಲೆ ನಮ್ಮ ಹುಡುಗರಿಗೂ ಅದು ಹತ್ತಿಕೊಂಡಿದ್ದರೆ ಅದರಲ್ಲಿ ಚೆಟ್ರಿಯವರ ಪಾಲು ಸಣ್ಣದಲ್ಲ.

ಅವರ ವೃತ್ತಾಂತವನ್ನು ಚಿಕ್ಕದಾಗಿ ಹೇಳಬಹುದು. 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ಎದುರು ದೇಶಕ್ಕಾಗಿ ಮೊದಲ ಪಂದ್ಯ. ಅದರಲ್ಲಿಯೇ ಮೊದಲ ಗೋಲು. ಆಗ ವಯಸ್ಸು ಇಪ್ಪತ್ತು. 2008ರಲ್ಲಿ ದೆಹಲಿಯಲ್ಲಿ ತಜಿಕಿಸ್ತಾನದ ಎದುರು ಮೂರು ಗೋಲು ಹೊಡೆದು, 2011ರ ಏಷ್ಯನ್ ಕಪ್ಪಿಗೆ ಭಾರತದ ದಾರಿ ತೆರೆದರು. 2023ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ದಕ್ಷಿಣ ಏಷ್ಯದ ಪಂದ್ಯಾವಳಿ ನಡೆದಾಗ ಪಾಕಿಸ್ತಾನದ ಎದುರು ಮತ್ತೆ ಮೂರು. 2024ರ ಜೂನ್ 6ರಂದು ಕೊಲ್ಕತ್ತದಲ್ಲಿ ಕುವೈತಿನ ಎದುರು ಆಡಿ ವಿದಾಯ ಹೇಳಿದಾಗ ಅವರ ಗೋಲುಗಳ ಸಂಖ್ಯೆ 94, ಪಂದ್ಯಗಳ ಸಂಖ್ಯೆ 151. ಪುರುಷರ ಅಂತಾರಾಷ್ಟ್ರೀಯ ಆಟದಲ್ಲಿ ಆ ದಿನಕ್ಕೆ ಅವರಿಗಿಂತ ಹೆಚ್ಚು ಗೋಲು ಹೊಡೆದವರು ಮೂವರೇ: ಪೋರ್ಚುಗಲ್ಲಿನ ರೊನಾಲ್ಡೊ, ಅರ್ಜೆಂಟೀನದ ಮೆಸ್ಸಿ, ಇರಾನಿನ ಅಲಿ ದಾಯಿ. ನಮ್ಮ ದೇಶದಲ್ಲಿ ಎರಡನೆಯ ಸ್ಥಾನದಲ್ಲಿರುವವರು ಇದರ ಅರ್ಧವನ್ನೂ ಮುಟ್ಟಿಲ್ಲ.

ಇಲ್ಲಿ ಮೊದಲನೆಯ ಆಕ್ಷೇಪ ಬರುತ್ತದೆ. ಮೆಸ್ಸಿಯ ಪಕ್ಕದಲ್ಲಿ ಚೆಟ್ರಿಯವರ ಹೆಸರು ಬರೆಯುವುದು ನ್ಯಾಯವೆ? ಒಬ್ಬರು ಹೊಡೆದದ್ದು ಬ್ರೆಜಿಲ್, ಫ್ರಾನ್ಸ್‌ಗಳಂಥ ತಂಡಗಳ ಎದುರು. ಇನ್ನೊಬ್ಬರ ಗೋಲುಗಳಲ್ಲಿ ಬಹುಪಾಲು ನೇಪಾಳ, ಮಾಲ್ದೀವ್ಸ್‌ಗಳಂಥ ತಂಡಗಳ ಎದುರಿನವು. ಆಕ್ಷೇಪ ಸರಿಯಾದದ್ದೇ. ನಮ್ಮ ಜಿಲ್ಲೆಯವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರು ಕರೆಯನ್ನು 13.62 ಸೆಕೆಂಡುಗಳಲ್ಲಿ ಮುಟ್ಟಿದಾಗ, ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿದರು; ಜಮೈಕದ ಬೋಲ್ಟನನ್ನೇ ಮೀರಿಸಿದರೆಂದು ದೇಶವೆಲ್ಲ ಕುಣಿಯಿತು. ಕಂಬಳ ನೋಡಿದವರಿಗೆ ಗೊತ್ತು, ಮುಂದೆ ಎಳೆಯುವುದಕ್ಕೆ ಕೋಣಗಳಿದ್ದುವು ಎಂದು. ಗೌಡರು ತಾವೇ ಆ ಹೋಲಿಕೆಯನ್ನು ಒಪ್ಪಲಿಲ್ಲ. ಕೆಸರುಗದ್ದೆಯ ಓಟವೇ ಬೇರೆ ಎಂದುಬಿಟ್ಟರು. ಹೋಲಿಕೆ ಸುಳ್ಳಾಯಿತೆಂದು ಅವರ ಓಟ ಸುಳ್ಳಾಗಲಿಲ್ಲ. ಅದು ತನ್ನ ಕರೆಯಲ್ಲಿ, ತನ್ನ ಕೆಸರಿನಲ್ಲಿ ದೊಡ್ಡದು.

ಚೆಟ್ರಿಯವರ ಸಂಖ್ಯೆಯನ್ನೂ ಹಾಗೆಯೇ ಓದಬೇಕು. ಸಂಖ್ಯೆಗೆ ಮಾತು ಬರುವುದಿಲ್ಲ. ನಾವು ಕೇಳಿದ ಪ್ರಶ್ನೆಗೆ ಅದು ತಲೆಯಾಡಿಸುತ್ತದೆ ಅಷ್ಟೆ. ಅಂತಾರಾಷ್ಟ್ರೀಯ ಗೋಲುಗಳ ದಾಖಲೆ ಯಾರದೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಒಬ್ಬ ಗಂಡಸಿನ ಹೆಸರನ್ನೇ ಹೇಳುತ್ತೇವೆ. ಕೆನಡದ ನಾಯಕಿ ಕ್ರಿಸ್ಟಿನ್ ಸಿಂಕ್ಲೇರ್ 190 ಗೋಲು ಹೊಡೆದು 2023ರಲ್ಲಿ ದೇಶದ ಆಟದಿಂದ ನಿವೃತ್ತರಾದರೆಂಬುದು ನಮ್ಮ ಪ್ರಶ್ನೆಯೊಳಗೆ ಸೇರಿಯೇ ಇರುವುದಿಲ್ಲ. ಇನ್ನೊಂದು ಉದಾಹರಣೆ ನಮ್ಮ ರಾಜ್ಯದ್ದೇ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಮಟ್ಟಿಗೆ ಬರಿಗಾಲಿನಲ್ಲಿ ಆಡಿದ ಭಾರತ ತಂಡ ಫ್ರಾನ್ಸಿನ ಎದುರು 1-2ರಿಂದ ಸೋತಿತು. ಆ ಒಂದು ಗೋಲು ಒಲಿಂಪಿಕ್ಸಿನಲ್ಲಿ ಭಾರತದ ಮೊದಲನೆಯ ಗೋಲು. ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವಾತಂತ್ರ್ಯ ಬಂದು ವರ್ಷ ತುಂಬುವುದರೊಳಗೆ ಬಿದ್ದ ಆ ಒಂದಕ್ಕೂ, ಆಮೇಲೆ ಎರಡು ದಶಕಗಳಲ್ಲಿ ಬಿದ್ದ ಈ ತೊಂಬತ್ತಕ್ಕೂ ಯಾವ ತಕ್ಕಡಿ ಹಿಡಿಯೋಣ?

ಹಾಗಾದರೆ ಸಂಖ್ಯೆಯಿಂದ ತಿಳಿಯುವುದೇನೂ ಇಲ್ಲವೆ? ಉಂಟು. ಗೆಲ್ಲುವ ತಂಡದಲ್ಲಿ ಗೋಲು ಹೊಡೆಯುವವನಿಗೆ ಗೆಲುವೇ ಮುಂದಿನ ಪಂದ್ಯಕ್ಕೆ ಉತ್ಸಾಹ ಕೊಡುತ್ತದೆ. ಸೋಲುವ ತಂಡದಲ್ಲಿ ಆಡುವವನು ಆ ಉತ್ಸಾಹವನ್ನು ತನ್ನ ಗಂಟಿನಿಂದ ತೆಗೆದು ಖರ್ಚು ಮಾಡಬೇಕು. ಚೆಟ್ರಿಯವರ ಕಾಲದಲ್ಲಿ ಭಾರತ ವಿಶ್ವಕಪ್ಪಿನ ಬಾಗಿಲು ತಟ್ಟಲಿಲ್ಲ. 2023ರ ಜುಲೈಯಲ್ಲಿ ಜಗತ್ತಿನ ತಂಡಗಳ ಪಟ್ಟಿಯಲ್ಲಿ 99ನೆಯ ಸ್ಥಾನಕ್ಕೆ ಏರಿದ್ದು ಒಂದೇ ವರ್ಷದಲ್ಲಿ 120ರ ಆಚೆಗೆ ಜಾರಿತು. 2024ರ ಜನವರಿಯಲ್ಲಿ ಏಷ್ಯನ್ ಕಪ್ಪಿನ ಮೂರು ಪಂದ್ಯಗಳನ್ನೂ ಸೋತಿತು. ಒಂದು ಗೋಲನ್ನೂ ಹೊಡೆಯಲಿಲ್ಲ. ಇಂಥ ಸಂಸಾರವನ್ನು ಹತ್ತೊಂಬತ್ತು ವರ್ಷ ಹೊತ್ತು, ಪ್ರತಿಸಲವೂ ನಾಳೆ ನೆಟ್ಟಗಾದೀತೆಂಬ ಮುಖದಿಂದ ಅಂಗಳಕ್ಕೆ ಇಳಿದವರು ಅವರು. 94 ಎಂಬುದು ಪ್ರತಿಭೆಯ ಅಳತೆ ಹೌದೋ ಅಲ್ಲವೋ ಬಲ್ಲವರು ಹೇಳಲಿ. ಅದು ತಾಳ್ಮೆಯ ಅಳತೆ ಎಂಬುದರಲ್ಲಿ ಸಂದೇಹವಿಲ್ಲ.

ಈ ತಾಳ್ಮೆಯ ಇನ್ನೊಂದು ಮುಖ 2018ರ ಜೂನಿನಲ್ಲಿ ಕಂಡಿತು. ಮುಂಬಯಿಯಲ್ಲಿ ಚೈನೀಸ್ ತೈಪೆಯ ಎದುರು ಭಾರತ 5-0ಯಿಂದ ಗೆದ್ದಿತು. ಮೂರು ಗೋಲು ನಾಯಕರವೇ. ನೋಡಲು ಬಂದಿದ್ದವರು ಸುಮಾರು 2,500 ಮಂದಿ. ಆ ರಾತ್ರಿಯ ಬಳಿಕ ಚೆಟ್ರಿಯವರು ಜನಕ್ಕೆ ಒಂದು ವಿನಂತಿ ಮಾಡಿಕೊಂಡರು. ಯೂರೋಪಿನ ತಂಡಗಳ ಮಟ್ಟದಲ್ಲಿ ನಾವಿಲ್ಲ, ಒಪ್ಪುತ್ತೇವೆ. ಬೈಯಿರಿ, ಟೀಕಿಸಿ, ಆದರೆ ಕ್ರೀಡಾಂಗಣಕ್ಕೆ ಬನ್ನಿ ಎಂಬುದು ಅದರ ತಾತ್ಪರ್ಯ. ಎರಡು ದಿನಗಳ ಬಳಿಕ ಕೀನ್ಯದ ಎದುರಿನ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತು. ಅದು ಅವರ ನೂರನೆಯ ಪಂದ್ಯ. ಎರಡು ಗೋಲು ಹೊಡೆದು ಕೊಟ್ಟ ಮಾತಿಗೆ ಬಡ್ಡಿಯನ್ನೂ ಸೇರಿಸಿ ಸಲ್ಲಿಸಿದರು.

ನಾಯಕನಾದವನು ಹೀಗೆ ಬೇಡಿಕೊಳ್ಳುವುದು ದೈನ್ಯವಲ್ಲವೆ ಎಂದು ಕೆಲವರು ಕೇಳಿದ್ದುಂಟು. ತನಗಾಗಿ ಬೇಡುವುದು ದೈನ್ಯ. ಹಂಚಿಕೊಳ್ಳುವುದಕ್ಕಾಗಿ ಬೇಡುವುದಕ್ಕೆ ನಮ್ಮಲ್ಲಿ ಬೇರೆ ಹೆಸರುಗಳಿವೆ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ ರಶೀದಿ ಪುಸ್ತಕ ಹಿಡಿದು ಮನೆಮನೆಗೆ ನಡೆದ ಹಿರಿಯರನ್ನು ನಾವು ಬಲ್ಲೆವು. ಅವರನ್ನು ಯಾರೂ ಭಿಕ್ಷುಕರೆನ್ನಲಿಲ್ಲ. ಅಂದು ಮುಂಬಯಿಯಲ್ಲಿ ನಾಚಬೇಕಾಗಿದ್ದುದು ಕೇಳಿದವರಲ್ಲ. ಕೇಳುವ ತನಕ ಬಾರದೆ ಇದ್ದವರು.

ಈಗ ಮುಖ್ಯ ಪ್ರಶ್ನೆಗೆ ಬರೋಣ. 2024ರ ಜೂನಿನಲ್ಲಿ ಕೊಲ್ಕತ್ತದ ತುಂಬಿದ ಕ್ರೀಡಾಂಗಣದ ಮುಂದೆ, ಗೋಲಿಲ್ಲದ ಸಮ ಪಂದ್ಯದೊಡನೆ, ಕಣ್ಣೀರಿನಲ್ಲಿ ಅವರು ವಿದಾಯ ಹೇಳಿದರು. ಕಥೆ ಅಲ್ಲಿ ಮುಗಿದಿದ್ದರೆ ಚೆನ್ನಾಗಿತ್ತೆಂದು ಹಲವರ ಅಭಿಪ್ರಾಯ. ಆದರೆ ಇಡೀ 2024ರಲ್ಲಿ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಆಗ ತರಬೇತುದಾರರಾಗಿದ್ದ ಮನೋಲೊ ಮಾರ್ಕ್ವೆಜ್ ಮತ್ತೆ ಕರೆದರು. 2025ರ ಮಾರ್ಚಿಯಲ್ಲಿ ನಲವತ್ತರ ಚೆಟ್ರಿ ಮರಳಿ ಬಂದರು. ಶಿಲ್ಲಾಂಗಿನಲ್ಲಿ ಮಾಲ್ದೀವ್ಸಿನ ಎದುರು ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. ಅದು 95ನೆಯದು. ಬಹುಕಾಲದ ಮೇಲೆ ಭಾರತ ಗೆದ್ದಿತು. ಆ ಸಂತೋಷ ನಿಲ್ಲಲಿಲ್ಲ. 2025ರ ಅಕ್ಟೋಬರ್ 14ರಂದು ಗೋವದ ಮಡಗಾಂವಿನಲ್ಲಿ ಸಿಂಗಪುರದ ಎದುರು 1-2ರಿಂದ ಸೋತು 2027ರ ಏಷ್ಯನ್ ಕಪ್ಪು ಕೈತಪ್ಪಿತು. ಯಾವುದಕ್ಕಾಗಿ ಅವರನ್ನು ಕರೆದಿದ್ದರೋ ಅದು ಆಗಲಿಲ್ಲ.

ಮರಳಿ ಬಂದದ್ದು ಸರಿಯೆ?

ತಪ್ಪೆನ್ನುವವರ ವಾದವನ್ನು ಅದರ ಪೂರ್ಣ ಬಲದೊಡನೆ ಹೇಳಬೇಕು. ವಿದಾಯವೆಂಬುದು ಒಂದು ಮಾತು. ಕೊಟ್ಟ ಮಾತನ್ನು ಒಂಬತ್ತು ತಿಂಗಳಲ್ಲಿ ಹಿಂದೆ ತೆಗೆದುಕೊಂಡರೆ ಮಾತಿಗೆ ಬೆಲೆ ಉಳಿಯುವುದಿಲ್ಲ. ಅದಕ್ಕಿಂತಲೂ ದೊಡ್ಡದು, ಹಿರಿಯನಿರುವಷ್ಟು ಕಾಲ ಕಿರಿಯನಿಗೆ ಜಾಗ ಇಲ್ಲ. ಹಿರಿಯನ ನೆರಳಿನಲ್ಲಿ ಹುಲ್ಲೂ ಬೆಳೆಯುವುದಿಲ್ಲ. ಆದ್ದರಿಂದ ಒಳ್ಳೆಯ ನಾಯಕನ ಕೊನೆಯ ಕರ್ತವ್ಯವೆಂದರೆ ತಾನಿಲ್ಲದೆಯೂ ಕೆಲಸ ನಡೆಯುವಂತೆ ಮಾಡಿ ಹೊರಟುಹೋಗುವುದು.

ನಮ್ಮ ಕಡೆಯ ತಾಳಮದ್ದಳೆಯ ರಸಿಕರಿಗೆ ಇಲ್ಲಿ ಭೀಷ್ಮನ ಸೇನಾಧಿಪತ್ಯ ನೆನಪಾಗದೆ ಇರದು. ಕೌರವರ ಪಕ್ಷದಲ್ಲಿ ಅಷ್ಟು ಮಂದಿ ವೀರರಿರಲು ಮುಪ್ಪಿನ ಮುತ್ತಜ್ಜನಿಗೆ ಪಟ್ಟ ಕಟ್ಟಿದರು. ಫಲವೇನಾಯಿತು? ಹತ್ತು ದಿನ ಕರ್ಣ ಆಯುಧ ಹಿಡಿಯಲಿಲ್ಲ. ಹಿರಿಯನು ಕಿರಿಯನನ್ನು ಅರ್ಧರಥನೆಂದು ಹಳಿದ. ಕಿರಿಯನು ಹಿರಿಯನಿರುವ ತನಕ ರಣರಂಗಕ್ಕೆ ಕಾಲಿಡೆನೆಂದು ಶಪಥ ಮಾಡಿದ. ಗೆಲ್ಲಿಸಲಾರದ ಪಕ್ಷಕ್ಕೆ ನಿಷ್ಠೆಯಿಂದ ದುಡಿದನೆಂದು ಭೀಷ್ಮನಿಗೆ ನಾವು ಕೈಮುಗಿಯುತ್ತೇವೆ. ಆದರೆ ಅವನು ಬಿಲ್ಲು ಹಿಡಿದು ನಿಂತಷ್ಟು ಹೊತ್ತು ಇನ್ನೊಬ್ಬ ಬಿಡಾರದಲ್ಲಿ ಕುಳಿತಿದ್ದನೆಂಬುದನ್ನು ಮರೆಯಬಾರದು. ಆದುದರಿಂದ ಹಿರಿಯನ ವಯಸ್ಸನ್ನಾಗಲಿ ಅವನ ಹಿಂದಿನ ಕೀರ್ತಿಯನ್ನಾಗಲಿ ಕೇಳಿ ಫಲವಿಲ್ಲ. ಅವನಿಂದಾಗಿ ಯಾರಾದರೂ ಕುಳಿತಿರುವರೋ ಎಂದು ಕೇಳಬೇಕು.

ಚೆಟ್ರಿಯವರನ್ನು ಈ ಪ್ರಶ್ನೆಯ ಮುಂದೆ ನಿಲ್ಲಿಸಿ ನೋಡೋಣ. ಅವರು ಎದ್ದು ಹೋದ ಮೇಲೆ ಒಂಬತ್ತು ತಿಂಗಳು ಆ ಮಣೆ ಖಾಲಿ ಬಿದ್ದಿತ್ತು; ಗಟ್ಟಿಯಾಗಿ ಕೂರುವವರು ಬರಲಿಲ್ಲ. 2024-25ರ ಐಎಸ್‌ಎಲ್ ಪಂದ್ಯಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಯಾರೆಂದು ನೋಡಿದರೆ, 14 ಗೋಲುಗಳೊಡನೆ ಅದೂ ನಲವತ್ತರ ಚೆಟ್ರಿಯವರೇ. ಅಂದರೆ ಹಳೆಯ ಕೀರ್ತಿಯ ಬಲದಿಂದ ಅವರು ಬಂದದ್ದಲ್ಲ. ಆ ವರ್ಷದ ಬೆಳೆಯನ್ನೇ ತೂಗಿ ಕರೆದದ್ದು. ಇದಕ್ಕೆ ಕಾರಣವೂ ಗುಟ್ಟಿನದಲ್ಲ. ನಮ್ಮ ದೊಡ್ಡ ತಂಡಗಳು ಗೋಲು ಹೊಡೆಯುವ ಜಾಗಕ್ಕೆ ಹೊರದೇಶದವರನ್ನು ತರುತ್ತವೆ. ಇಲ್ಲಿಯ ಹುಡುಗರು ಅಂಚಿನಲ್ಲಿ ಓಡುತ್ತಾರೆ ಅಥವಾ ಹಿಂದೆ ನಿಂತು ಕಾಯುತ್ತಾರೆ. ವರ್ಷವಿಡೀ ಯಾರಿಗೂ ಕಲಿಸದ ವಿದ್ಯೆಯನ್ನು ದೇಶದ ಪಂದ್ಯದ ದಿನ ತೋರಿಸು ಎಂದರೆ ಎಲ್ಲಿಂದ ಬಂದೀತು? ಕರ್ಣನು ಬಿಡಾರದಲ್ಲಿ ಕುಳಿತಿದ್ದದ್ದು ಹೌದು. ಆದರೆ ಅವನನ್ನು ಕೂರಿಸಿದವರು ಭೀಷ್ಮರಲ್ಲ.

ಇಲ್ಲಿಗೆ ನನಗೆ ತೋರುವುದು ಇಷ್ಟು. ಒಂದೇ ಕಾರ್ಯ ಕರೆದವರ ಪಾಲಿಗೆ ತಪ್ಪಾಗಿ, ಓಗೊಟ್ಟವರ ಪಾಲಿಗೆ ಸರಿಯಾಗಿರಬಹುದು. ನಾವು ಸಾಮಾನ್ಯವಾಗಿ ಒಂದು ಕೆಲಸಕ್ಕೆ ಒಂದೇ ಬೆಲೆ ಕಟ್ಟುತ್ತೇವೆ. ಒಳ್ಳೆಯದಾದರೆ ಎಲ್ಲರಿಗೂ ಒಳ್ಳೆಯದು, ಕೆಟ್ಟದ್ದಾದರೆ ಎಲ್ಲರಿಗೂ ಕೆಟ್ಟದ್ದು ಎಂಬಂತೆ. ಇದು ಸರಿಯಲ್ಲ. ನೆರೆಮನೆಗೆ ಬೆಂಕಿ ಬಿದ್ದಾಗ ಎಪ್ಪತ್ತರ ಮುದುಕ ಕೊಡ ಹಿಡಿದು ಓಡಿಬಂದರೆ ಅವನ ನಡತೆ ಶ್ಲಾಘ್ಯ. ಆದರೆ ಊರಿನ ಯುವಕರು ಅವನೇ ಓಡಿಬರಲೆಂದು ಕಾದು ನಿಂತಿದ್ದರೆ ಅದೇ ಓಟ ಅವರ ಪಾಲಿಗೆ ಅಪಮಾನ. ಚೆಟ್ರಿಯವರು ಬಂದದ್ದು ಸಿಪಾಯಿಯ ಧರ್ಮಕ್ಕೆ ಸರಿಯಾಗಿತ್ತು. ಅವರನ್ನು ಕರೆಯಬೇಕಾಗಿ ಬಂದದ್ದು ದೇಶದ ಕಾಲ್ಚೆಂಡಾಟವನ್ನು ನಡೆಸುವವರ ಇಪ್ಪತ್ತು ವರ್ಷಗಳ ಲೆಕ್ಕಪತ್ರಕ್ಕೆ ಬಿದ್ದ ಕೆಂಪು ಗೆರೆ.

ಇದಕ್ಕೊಂದು ಪ್ರತಿವಾದವಿದೆ; ಅದನ್ನು ಮುಚ್ಚಿಡಲಾಗದು. ಕರೆದಾಗಲೆಲ್ಲ ಬರುವವನಿದ್ದರೆ ಕರೆಯುವುದು ಸುಲಭವಾಗುತ್ತದೆ. ಕರೆಯುವುದು ಸುಲಭವಾದಷ್ಟೂ ಹೊಸಬರನ್ನು ಬೆಳೆಸುವ ಶ್ರಮ ಬೇಡವಾಗುತ್ತದೆ. ಹೀಗೆ ಒಬ್ಬನ ಸದ್ಗುಣವೇ ಇನ್ನೊಬ್ಬರ ಸೋಮಾರಿತನಕ್ಕೆ ಊರುಗೋಲಾದೀತು. ಈ ಮಾತು ನಿಜ. ಆದ್ದರಿಂದಲೇ ಓಗೊಡುವ ಧರ್ಮಕ್ಕೂ ಒಂದು ಎಲ್ಲೆ ಬೇಕು. ಒಮ್ಮೆ ಬಂದು, ಮಾಡುವಷ್ಟು ಮಾಡಿ, ಆಗಲಿಲ್ಲವೆಂದು ಕಂಡಾಗ ಇನ್ನು ಕರೆಯಬೇಡಿ ಎನ್ನುವುದೂ ಸೇವೆಯೇ. ಸಿಂಗಪುರದ ಎದುರು ಸೋತ ಬಳಿಕ, 2025ರ ನವೆಂಬರಿನಲ್ಲಿ ಚೆಟ್ರಿಯವರು ಎರಡನೆಯ ಸಲ ದೇಶದ ಅಂಗಿಯನ್ನು ಬಿಚ್ಚಿಟ್ಟರು. ಮೊದಲನೆಯ ವಿದಾಯದ ಸಡಗರ ಇದಕ್ಕೆ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಎರಡನೆಯದೇ ಹೆಚ್ಚು ತೂಕದ್ದು. ಜನ ಅಳುತ್ತಿರುವಾಗ ಇಳಿಯುವುದರಲ್ಲಿ ಒಂದು ಸುಖವಿದೆ. ಸೋತ ಮೇಲೆ, ಸಪ್ಪಳವಿಲ್ಲದೆ, ತನ್ನಿಂದ ಇನ್ನು ಆಗುವುದಿಲ್ಲವೆಂದು ಒಪ್ಪಿ ಇಳಿಯುವುದರಲ್ಲಿ ಯಾವ ಸುಖವೂ ಇಲ್ಲ.

ಈ ಚರ್ಚೆ ಕಾಲ್ಚೆಂಡಿನ ಅಂಗಳದಲ್ಲಿ ಮುಗಿಯುವುದಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಪುತ್ತೂರಿನಿಂದ ಸುಳ್ಯಕ್ಕೋ ಕಡಬಕ್ಕೋ ಹೋಗುವ ದಾರಿಯ ಎರಡು ಬದಿಯ ತೋಟಗಳನ್ನು ನೋಡಿರಿ. ತೋಟದ ಯಜಮಾನರಿಗೆ ಎಪ್ಪತ್ತು ದಾಟಿದೆ. ಮಳೆ ಬಿಟ್ಟ ಎರಡು ಗಳಿಗೆಯಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವುದಕ್ಕೆ ಜನ ಹುಡುಕುವವರು ಅವರೇ. ಅಂಗಳದಲ್ಲಿ ಅಡಿಕೆ ಒಣಗಿಸುವವರೂ ಅವರೇ. ಸುಳ್ಯದ ಕೆಲವು ಕಡೆ ಹಳದಿ ಎಲೆ ರೋಗ ತಿಂದ ತೋಟದಲ್ಲಿ ಮತ್ತೆ ಗಿಡ ನೆಡುವ ಧೈರ್ಯ ಮಾಡುವವರೂ ಅವರೇ. ಮಕ್ಕಳು ಬೆಂಗಳೂರಿನಲ್ಲಿ, ಇನ್ನೂ ದೂರದಲ್ಲಿ. ಅಪ್ಪ ಬೀಗದ ಕೈ ಬಿಟ್ಟುಕೊಡುವುದಿಲ್ಲವೆಂದು ಮಗನ ದೂರು. ಹಿಡಿಯುವ ಕೈ ಎಲ್ಲಿದೆ ಎಂದು ಅಪ್ಪನ ಪ್ರಶ್ನೆ. ಇಬ್ಬರ ಮಾತಿನಲ್ಲಿಯೂ ಸತ್ಯವುಂಟು. ಮಗನು ಊರಿಗೆ ಬಂದಾಗಲೂ ತೋಟದ ಲೆಕ್ಕ ತೋರಿಸದ ಅಪ್ಪ ಭೀಷ್ಮನ ತಪ್ಪನ್ನು ಮಾಡುತ್ತಾನೆ. ಹಬ್ಬಕ್ಕೆ ಬಂದು, ತೋಟಕ್ಕೆ ಇಳಿಯದೆ, ಅಪ್ಪನಿಗೆ ಇನ್ನೂ ಆಸೆ ಎಂದು ನಗುವ ಮಗನು ಖಾಲಿ ಕ್ರೀಡಾಂಗಣದ ತಪ್ಪನ್ನು ಮಾಡುತ್ತಾನೆ.

ಸಂಸ್ಥೆಗಳಲ್ಲಿಯೂ ಇದೇ ಕಥೆ. ಸಹಕಾರಿ ಸಂಘಕ್ಕೆ, ಭಜನಾಮಂದಿರಕ್ಕೆ, ಯಕ್ಷಗಾನ ಸಂಘಕ್ಕೆ ಮೂವತ್ತು ವರ್ಷ ಒಬ್ಬರೇ ಕಾರ್ಯದರ್ಶಿ. ಮಹಾಸಭೆಯಲ್ಲಿ ಅವರು ಬೇಡವೆನ್ನುತ್ತಾರೆ, ಸಭೆ ಬೇಕೆನ್ನುತ್ತದೆ, ಚಪ್ಪಾಳೆಯೊಡನೆ ಮತ್ತೆ ಅವರೇ. ಆ ಚಪ್ಪಾಳೆಯಲ್ಲಿ ಗೌರವವೆಷ್ಟು, ಕೆಲಸ ತಪ್ಪಿಸಿಕೊಂಡ ನೆಮ್ಮದಿಯೆಷ್ಟು ಎಂದು ಬಿಡಿಸಿ ನೋಡಿದವರು ಕಡಮೆ.

ಒಬ್ಬರು ದೀರ್ಘಕಾಲ ದುಡಿದು ದಾಖಲೆ ಬರೆದಾಗ ನಾವು ಅದನ್ನು ಅವರ ಆಸ್ತಿ ಎಂದು ಭಾವಿಸಿ ಹಾರ ಹಾಕುತ್ತೇವೆ. ಅದರಲ್ಲಿ ಒಂದು ಪಾಲು ನಮ್ಮ ಸಾಲ. ಪಕ್ಕದಲ್ಲಿ ಇನ್ನೊಬ್ಬರು ಇರಬೇಕಾಗಿದ್ದ ಜಾಗಕ್ಕೂ ಅವರೇ ಓಡಿದ್ದರಿಂದ ಬೆಳೆದ ಸಂಖ್ಯೆ ಅದು. ಚೆಟ್ರಿಯವರ 95ರ ದಾಖಲೆಯನ್ನು ಮುರಿಯುವ ಭಾರತೀಯನೊಬ್ಬ ಈಗ ಎಲ್ಲಿಯೋ ಶಾಲೆಯ ಅಂಗಳದಲ್ಲಿ ಆಡುತ್ತಿರಬಹುದು. ಗಡಿಯಾಚೆಯಲ್ಲೋ, ಮಣಿಪುರದಲ್ಲೋ, ನಮ್ಮ ಕಡಬದಲ್ಲಿಯೇ ಆದರೂ ಆದೀತು. ಅವನಿಗೆ ಆಡುವುದಕ್ಕೆ ಸಮತಟ್ಟಾದ ಒಂದು ಗದ್ದೆ, ಸಂಜೆಯ ಒಂದು ಗಂಟೆಯ ಬಿಡುವು, ನೋಡುವುದಕ್ಕೆ ನಾಲ್ಕು ಜನ, ಇಷ್ಟು ಸಿಗುತ್ತದೆಯೆ ಎಂದು ವಿಚಾರಿಸುವ ಕೆಲಸ ಚೆಟ್ರಿಯವರದಲ್ಲ. ಅವರು ಇಳಿದಾಗಿದೆ.